ರೋಮನರ ಅಡಿಗೆಮನೆಯ ದೇವರುಗಳು

ರೋಮನರ ಮತವೆಂದೊಡನೆ ವಿದ್ಯಾವಂತರ ಮನಸ್ಸಿಗೆ ಮೊದಲು ತೋರುವುದು ಜ್ಯೂಪಿಟರ್, ಜೂನೋ, ಮಿನರ್ವ, ಮಾರ್ಸ್ ಮೊದಲಾದ ಮಹಾದೇವತೆಗಳ ಹೆಸರುಗಳು, ಅಮೃತಶಿಲೆಯ ಕಂಬಗಳ ದೇವಾಲಯಗಳು, ಯುದ್ಧದಲ್ಲಿ ಗೆದ್ದುಬಂದ ಸೇನಾಪತಿಯ ಮೆರವಣಿಗೆ. ಚರಿತ್ರೆಯ ಪುಸ್ತಕಗಳೂ ಲ್ಯಾಟಿನ್ ಕಾವ್ಯಗಳೂ ನಮಗೆ ಪರಿಚಯ ಮಾಡಿಕೊಟ್ಟಿರುವುದು ಇವುಗಳನ್ನೇ. ಆದರೆ ಆ ಸಾಮ್ರಾಜ್ಯದ ಒಂದು ಸಾಧಾರಣ ಪಟ್ಟಣದಲ್ಲಿ ಬೆಳಕು ಹರಿಯುವುದಕ್ಕೆ ಮುಂಚೆ ಎದ್ದು ಒಲೆ ಹೊತ್ತಿಸುತ್ತಿದ್ದ ಅಡಿಗೆಯವನು ಯಾವ ದೇವರನ್ನು ನೆನೆಯುತ್ತಿದ್ದನು? ರೊಟ್ಟಿ ಸುಡುವವನು, ಬಡಗಿ, ಉಣ್ಣೆಯ ಕೆಲಸದವನು, ಬೀದಿಯ ಬದಿಯಲ್ಲಿ ಬಿಸಿ ಊಟವನ್ನು ಮಾರುವವನು, ಇವರೆಲ್ಲ ತಮ್ಮ ದಿನದ ಕೆಲಸಕ್ಕೆ ಕೈಹಾಕುವಾಗ ಯಾರ ಕಡೆಗೆ ನೋಡುತ್ತಿದ್ದರು? ಈ ಪ್ರಶ್ನೆಗೆ ಪುಸ್ತಕಗಳಿಂದ ದೊರೆಯುವ ಉತ್ತರ ಬಹು ಸ್ವಲ್ಪ. ಪುಸ್ತಕ ಬರೆದವರು ಅಡಿಗೆಮನೆಯಲ್ಲಿ ನಿಂತು ಕೆಲಸಮಾಡಿದವರಲ್ಲ. ಉತ್ತರವನ್ನು ನಾವು ಹುಡುಕಬೇಕಾದುದು ಗೋಡೆಗಳ ಮೇಲೆ.

ಆ ಗೋಡೆಗಳು ನಮ್ಮ ಕಾಲದವರೆಗೆ ಉಳಿದುಬಂದುದು ಒಂದು ಮಹಾ ಅನಾಹುತದ ದೆಸೆಯಿಂದ. ಕ್ರಿ.ಶ. 79ರಲ್ಲಿ ಇಟಲಿಯ ನೇಪಲ್ಸ್ ಕೊಲ್ಲಿಯ ಬಳಿ ವೆಸೂವಿಯಸ್ ಅಗ್ನಿಪರ್ವತವು ಸಿಡಿದು ಪಾಂಪೆಯಿ, ಹರ್ಕ್ಯುಲೇನಿಯಮ್ ಎಂಬ ಪಟ್ಟಣಗಳನ್ನು ಹೂಳಿಬಿಟ್ಟಿತು. ಬೂದಿಯೂ ಕಲ್ಲಿನ ಚೂರುಗಳೂ ಮುಚ್ಚಿದ ಮನೆಗಳಲ್ಲಿ ಒಲೆ, ಪಾತ್ರೆ, ರೊಟ್ಟಿ, ನಾಣ್ಯ, ಗೋಡೆಯ ಬಣ್ಣ, ಎಲ್ಲವೂ ಆ ದಿನ ಇದ್ದ ಹಾಗೆಯೇ ನಿಂತುಹೋದುವು. ಹರ್ಕ್ಯುಲೇನಿಯಮ್ಮಿನಲ್ಲಿ 1738ರಲ್ಲಿಯೂ ಪಾಂಪೆಯಿಯಲ್ಲಿ 1748ರಲ್ಲಿಯೂ ಅಗೆತ ಆರಂಭವಾಯಿತು. ಮೊದಮೊದಲು ಅಗೆಸಿದವರಿಗೆ ಬೇಕಾಗಿದ್ದುದು ಅರಮನೆಯ ಸಂಗ್ರಹಕ್ಕೆ ಒಪ್ಪುವ ಪ್ರತಿಮೆಗಳು ಮತ್ತು ಅಂದವಾದ ಚಿತ್ರಗಳು. ಹೊಗೆ ಹಿಡಿದ ಅಡಿಗೆಮನೆಯ ಗೋಡೆಯ ಮೇಲೆ ಒರಟಾಗಿ ಬರೆದಿದ್ದ ದೇವರ ಚಿತ್ರಗಳನ್ನು ಗಣನೆಗೆ ತಂದುಕೊಂಡವರು ಕಡಮೆ. 1937ರಲ್ಲಿ ಜಾರ್ಜ್ ಬಾಯ್ಸ್ ಎಂಬ ವಿದ್ವಾಂಸನು ಪಾಂಪೆಯಿಯ ಮನೆಗಳಲ್ಲಿಯೂ ಅಂಗಡಿಗಳಲ್ಲಿಯೂ ಇರುವ ಪೂಜಾಸ್ಥಾನಗಳನ್ನೆಲ್ಲ ಒಂದೊಂದಾಗಿ ಪಟ್ಟಿಮಾಡಿ ಪ್ರಕಟಿಸಿದನು. ಒಂದು ಸಣ್ಣ ಪಟ್ಟಣದಲ್ಲಿ ಅಂಥವು ನೂರಾರು ಇದ್ದುವೆಂಬುದು ಆಗ ಸ್ಪಷ್ಟವಾಗಿ ಕಂಡಿತು. ಹೊಸ ಅಗೆತಗಳಲ್ಲಿ ಇಂದಿಗೂ ಇವು ಸಿಕ್ಕುತ್ತಲೇ ಇವೆ. 2018ರಲ್ಲಿ ಹಾವುಗಳನ್ನೂ ನವಿಲನ್ನೂ ಬರೆದಿರುವ ಒಂದು ಸೊಗಸಾದ ಪೂಜಾಸ್ಥಾನವು ಬೆಳಕಿಗೆ ಬಂದಿತು. ಇಂಥ ಸ್ಥಾನವನ್ನು ವಿದ್ವಾಂಸರು ‘ಲರೇರಿಯಮ್’ ಎಂದು ಕರೆಯುತ್ತಾರೆ.

ರೇಡಿಯೋ ಭಾಷಣದಲ್ಲಿ ಚಿತ್ರವನ್ನು ತೋರಿಸುವಂತಿಲ್ಲ. ಮಾತಿನಿಂದಲೇ ಅದನ್ನು ಬರೆಯಬೇಕು. ಸುಣ್ಣದ ಗಾರೆಯ ಬಿಳಿಯ ಗೋಡೆ. ಅದರ ಮೇಲೆ ಎರಡು ಅಂತಸ್ತಿನ ಚಿತ್ರ. ಮೇಲಿನ ಅಂತಸ್ತಿನ ನಡುವೆ ಒಂದು ಬಲಿಪೀಠ. ಅದರ ಬಳಿಯಲ್ಲಿ ‘ಟೋಗ’ ಎಂಬ ಬಿಳಿಯ ಹೊದಿಕೆಯನ್ನು ಹೊದ್ದು, ಅದರ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿರುವ ಗಂಭೀರನಾದ ಒಬ್ಬ ಪುರುಷ. ಅವನ ಒಂದು ಕೈಯಲ್ಲಿ ಹಣ್ಣುಹಂಪಲುಗಳಿಂದ ತುಂಬಿದ ಸಮೃದ್ಧಿಯ ಕೊಂಬು. ಮತ್ತೊಂದರಲ್ಲಿ ಅಗಲವಾದ ಬಟ್ಟಲು. ಬಟ್ಟಲಿನಿಂದ ಪೀಠದ ಮೇಲೆ ದ್ರಾಕ್ಷಾರಸವನ್ನು ಎರೆಯುತ್ತಿದ್ದಾನೆ. ಪಕ್ಕದಲ್ಲಿ ಜೋಡಿ ಕೊಳಲನ್ನು ಊದುವ ಒಬ್ಬನು. ಬಲಿಗಾಗಿ ಹಂದಿಯನ್ನು ನಡೆಸಿಕೊಂಡು ಬರುವ ಒಬ್ಬ ಸೇವಕನು. ಇವರ ಎರಡು ಕಡೆಗಳಲ್ಲಿಯೂ ಎಲ್ಲರಿಗಿಂತ ಎತ್ತರವಾಗಿ ಇಬ್ಬರು ತರುಣರು. ಮೊಣಕಾಲಿನವರೆಗೆ ಬರುವ, ನಡು ಕಟ್ಟಿದ ಅಂಗಿ ತೊಟ್ಟು, ಕಾಲ್ಬೆರಳ ಮೇಲೆ ನಿಂತು ಕುಣಿಯುತ್ತಿರುವಂತೆ ಕಾಣುತ್ತಾರೆ. ಒಬ್ಬೊಬ್ಬನೂ ಒಂದು ಕೈಯನ್ನು ಮೇಲಕ್ಕೆತ್ತಿ ಕೊಂಬಿನ ಆಕಾರದ ಪಾನಪಾತ್ರೆಯನ್ನು ಹಿಡಿದಿದ್ದಾನೆ. ಅದರಿಂದ ದ್ರಾಕ್ಷಾರಸವು ಬಿಲ್ಲಿನಂತೆ ಬಾಗಿ ಮತ್ತೊಂದು ಕೈಯ ಪಾತ್ರೆಗೆ ಬೀಳುತ್ತಿದೆ. ಕೆಳಗಿನ ಅಂತಸ್ತಿನಲ್ಲಿ ಹಸಿರು ಗಿಡಗಳ ನಡುವೆ ಒಂದು ಅಥವಾ ಎರಡು ದೊಡ್ಡ ಹಾವುಗಳು ಮತ್ತೊಂದು ಪೀಠದ ಕಡೆಗೆ ಹರಿದು ಬರುತ್ತಿವೆ. ಆ ಪೀಠದ ಮೇಲೆ ಮೊಟ್ಟೆಗಳೂ ಪೈನ್ ಮರದ ಕಾಯಿಗಳೂ ಇವೆ. ಹಲವು ಚಿತ್ರಗಳಲ್ಲಿ ಒಂದು ಹಾವಿಗೆ ಜುಟ್ಟೂ ಗಡ್ಡವೂ ಉಂಟು. ಈ ಅಂಗಗಳಲ್ಲಿ ಒಂದೆರಡು ಒಂದೊಂದು ಮನೆಯಲ್ಲಿ ಬಿಟ್ಟುಹೋಗಿರಬಹುದು. ಆದರೆ ಕ್ರಮವು ಬಹುಮಟ್ಟಿಗೆ ಇದೇ.

ಇವರು ಯಾರು? ಕುಣಿಯುವ ತರುಣರು ‘ಲಾರ್’ ಎಂಬ ದೇವತೆಗಳು, ಬಹುವಚನದಲ್ಲಿ ‘ಲಾರೆಸ್’. ಮನೆಯನ್ನೂ ಒಲೆಯನ್ನೂ ಕವಲುದಾರಿಯನ್ನೂ ಕಾಯುವವರು. ಅವರ ಹುಟ್ಟಿನ ವಿಷಯದಲ್ಲಿ ರೋಮನ್ ಪಂಡಿತರಲ್ಲಿಯೇ ಭಿನ್ನಾಭಿಪ್ರಾಯವಿದ್ದಿತು. ಕೆಲವರು ಪಿತೃಗಳೆಂದರು, ಕೆಲವರು ಸ್ಥಳದ ರಕ್ಷಕರೆಂದರು. ಟೋಗ ಹೊದ್ದವನು ಯಜಮಾನನ ‘ಜೀನಿಯಸ್’. ಪ್ರತಿಭಾವಂತನಿಗೆ ಇಂಗ್ಲಿಷಿನಲ್ಲಿ ಹೇಳುವ ಮಾತು ಇದರಿಂದಲೇ ಬಂದುದು; ಆದರೆ ರೋಮನರಲ್ಲಿ ಅದರ ಅರ್ಥವೇ ಬೇರೆ. ಪ್ರತಿಯೊಬ್ಬ ಪುರುಷನೊಡನೆ ಹುಟ್ಟಿ, ಅವನೊಡನೆ ಬಾಳಿ, ಅವನ ವಂಶವನ್ನು ಬೆಳೆಸುವ ದೈವಶಕ್ತಿಗೆ ಆ ಹೆಸರು. ಅದಕ್ಕೆ ಮುಖ್ಯ ಪೂಜೆ ನಡೆಯುತ್ತಿದ್ದುದು ಅವನ ಹುಟ್ಟಿದ ದಿನ. ಇವರ ಜೊತೆಗೆ ಉಗ್ರಾಣವನ್ನು ಕಾಯುವ ‘ಪೆನಾಟೆಸ್’ ಎಂಬ ದೇವತೆಗಳೂ ಉಂಟು. ಮನೆಯವರು ತಮಗೆ ಇಷ್ಟವಾದ ಮರ್ಕ್ಯುರಿ, ಫಾರ್ಚುನ, ಬ್ಯಾಕಸ್, ಹರ್ಕ್ಯುಲಿಸ್ ಮೊದಲಾದವರನ್ನೂ ಇವರ ಪಕ್ಕದಲ್ಲಿ ಬರೆಸುತ್ತಿದ್ದರು.

ಹಾವುಗಳ ವಿಷಯದಲ್ಲಿ ವಿದ್ವಾಂಸರು ಒಮ್ಮತದಲ್ಲಿಲ್ಲ. ಅವು ಯಜಮಾನ ಯಜಮಾನಿಯರ ದೈವಶಕ್ತಿಯ ರೂಪವೆಂದು ಕೆಲವರೂ, ಆ ಮನೆ ನಿಂತ ನೆಲದ ರಕ್ಷಕರೆಂದು ಕೆಲವರೂ ಹೇಳುತ್ತಾರೆ. ಎರಡನೆಯ ಅಭಿಪ್ರಾಯಕ್ಕೆ ಈಚೆಗೆ ಹೆಚ್ಚು ಬೆಂಬಲ ದೊರೆತಿದೆ. ನಮಗೆ ಅರಳಿಕಟ್ಟೆಯ ನಾಗರಕಲ್ಲು ನೆನಪಿಗೆ ಬರುವುದು ಸಹಜ. ಆದರೆ ಎರಡಕ್ಕೂ ನಂಟು ಕಲ್ಪಿಸುವುದಕ್ಕೆ ಆಧಾರವಿಲ್ಲ. ಹಾವಿನ ಚಿತ್ರವಿದ್ದ ಕಡೆ ಜಾಗವು ಪವಿತ್ರವೆಂಬ ಭಾವನೆ ಮಾತ್ರ ಗಟ್ಟಿಯಾಗಿದ್ದಿತು. ಹುಡುಗರು ಗೋಡೆಯ ಮಗ್ಗುಲಲ್ಲಿ ಮೂತ್ರವಿಸರ್ಜನೆ ಮಾಡದಂತೆ ತಡೆಯಬೇಕಾದರೆ ಎರಡು ಹಾವುಗಳನ್ನು ಬರೆಸಿದರಾಯಿತು ಎಂಬ ಭಾವದ ಮಾತನ್ನು ಒಂದನೆಯ ಶತಮಾನದ ವಿಡಂಬನಕವಿ ಪರ್ಸಿಯಸ್ ಆಡಿದ್ದಾನೆ.

ಪೂಜೆಯ ವಿಧಾನ ಸರಳವಾದುದು. ಬಲಿಕೊಡುತ್ತಿದ್ದುದು ವಿಶೇಷ ದಿನಗಳಲ್ಲಿ. ಉಳಿದ ದಿನಗಳಲ್ಲಿ ಸ್ವಲ್ಪ ಧೂಪ, ಒಂದು ಗುಟುಕು ದ್ರಾಕ್ಷಾರಸ, ಒಂದು ಹೂಮಾಲೆ, ಊಟದಲ್ಲಿ ಒಂದು ಪಾಲು. ಪ್ಲಾಟಸ್ ಎಂಬ ಹಳೆಯ ನಾಟಕಕಾರನ ‘ಆಲುಲೇರಿಯ’ ಎಂಬ ಪ್ರಹಸನದಲ್ಲಿ ನಾಂದಿಯ ಮಾತುಗಳನ್ನು ಆಡುವವನು ಮನೆಯ ಲಾರ್ ದೇವತೆಯೇ. ಮನೆಯ ಯಜಮಾನ ಜಿಪುಣ. ದೇವರಿಗೆ ಏನನ್ನೂ ಕೊಡನು. ಮಗಳು ಮಾತ್ರ ದಿನದಿನವೂ ತನಗೆ ಧೂಪವನ್ನೋ ದ್ರಾಕ್ಷಾರಸವನ್ನೋ ಅರ್ಪಿಸುತ್ತಾಳೆಂದು ಅವನು ಮೆಚ್ಚಿಕೊಳ್ಳುತ್ತಾನೆ. ಊಟಮಾಡುವಾಗ ನೆಲಕ್ಕೆ ಬಿದ್ದ ತುತ್ತನ್ನು ಎತ್ತಿ ಲಾರ್ ದೇವತೆಯ ಮುಂದೆ ಸುಡುವ ಪದ್ಧತಿಯನ್ನು ಪ್ಲಿನಿಯು ತನ್ನ ಪ್ರಕೃತಿಚರಿತ್ರೆಯಲ್ಲಿ ಹೇಳಿದ್ದಾನೆ. ಹುಡುಗನು ಪ್ರಾಪ್ತವಯಸ್ಕನಾದ ದಿನ ಅದುವರೆಗೆ ಕೊರಳಿನಲ್ಲಿ ಧರಿಸಿದ್ದ ರಕ್ಷೆಯ ತಾಯಿತವನ್ನು ಬಿಚ್ಚಿ ಲಾರೆಸ್‌ಗಳಿಗೆ ಒಪ್ಪಿಸುತ್ತಿದ್ದನು. ಮದುವೆಯಾಗಿ ಬರುವ ವಧುವು ತನ್ನೊಡನೆ ಮೂರು ನಾಣ್ಯಗಳನ್ನು ತರುತ್ತಿದ್ದಳು. ಒಂದು ಗಂಡನಿಗೆ, ಒಂದು ಹೊಸ ಮನೆಯ ಲಾರೆಸ್‌ಗಳಿಗೆ, ಒಂದು ಹತ್ತಿರದ ಕವಲುದಾರಿಯ ಲಾರೆಸ್‌ಗಳಿಗೆ. ಹುಟ್ಟು, ಪ್ರಾಯ, ಮದುವೆ, ಪ್ರಯಾಣ, ಯಾವುದೂ ಈ ದೇವರುಗಳಿಗೆ ತಿಳಿಸದೆ ನಡೆಯುತ್ತಿರಲಿಲ್ಲ.

ಇನ್ನು ಈ ಚಿತ್ರಗಳನ್ನು ಮನೆಯ ಯಾವ ಭಾಗದಲ್ಲಿ ಬರೆಯುತ್ತಿದ್ದರೆಂಬುದನ್ನು ನೋಡಬೇಕು. ಪಾಂಪೆಯಿಯಲ್ಲಿ ‘ವೆಟ್ಟಿಯರ ಮನೆ’ ಎಂದು ಹೆಸರಾದ ಒಂದು ಭವನವಿದೆ. ಅದನ್ನು 1894ರಿಂದ ಅಗೆದು ತೆಗೆದರು. ಅದರ ಒಡೆಯರಾದ ವೆಟ್ಟಿಯಸ್ ಕಾನ್ವಿವ, ವೆಟ್ಟಿಯಸ್ ರೆಸ್ಟಿಟ್ಯೂಟಸ್ ಎಂಬಿಬ್ಬರೂ ಗುಲಾಮಗಿರಿಯಿಂದ ಬಿಡುಗಡೆ ಹೊಂದಿ ಐಶ್ವರ್ಯವಂತರಾದವರೆಂದು ವಿದ್ವಾಂಸರ ಊಹೆ. ಅತಿಥಿಗಳು ಬಂದು ಕುಳಿತುಕೊಳ್ಳುವ ಕೋಣೆಗಳಲ್ಲಿ ಗ್ರೀಕರ ಪುರಾಣಕಥೆಗಳನ್ನು ಬಹಳ ನಯವಾಗಿ ಬರೆಸಿದ್ದಾರೆ. ಎಳೆಯ ಹರ್ಕ್ಯುಲಿಸ್ ಹಾವುಗಳನ್ನು ಹಿಸುಕುವುದು, ಚಕ್ರಕ್ಕೆ ಬಿಗಿದ ಇಕ್ಸಿಯಾನ್, ಇತ್ಯಾದಿ. ಇವು ಒಡೆಯರ ಸಿರಿಯನ್ನೂ ವಿದ್ಯಾಭಿರುಚಿಯನ್ನೂ ಬಂದವರಿಗೆ ತೋರಿಸುವ ಚಿತ್ರಗಳು. ಇವುಗಳ ಮುಂದೆ ಯಾರೂ ಧೂಪ ಹಾಕಲಿಲ್ಲ. ಪೂಜೆಗೊಳ್ಳುವ ಚಿತ್ರವನ್ನು ಕಾಣಬೇಕಾದರೆ ಆ ಕೋಣೆಗಳನ್ನು ಬಿಟ್ಟು, ಅಡಿಗೆಮನೆಯ ಪಕ್ಕದ ಚಿಕ್ಕ ತೊಟ್ಟಿಗೆ ಹೋಗಬೇಕು. ಅಲ್ಲಿ ಗೋಡೆಗೆ ಸೇರಿದ ಒಂದು ಸಣ್ಣ ಗುಡಿಯ ಆಕಾರದೊಳಗೆ ಟೋಗಧಾರಿಯಾದ ಜೀನಿಯಸ್ ಧೂಪದ ಪೆಟ್ಟಿಗೆಯನ್ನೂ ಬಟ್ಟಲನ್ನೂ ಹಿಡಿದು ನಿಂತಿದ್ದಾನೆ; ಎಡಬಲಗಳಲ್ಲಿ ಲಾರೆಸ್; ಕೆಳಗೆ ಹಾವು. ಈ ಮನೆಯಲ್ಲಿರುವಂತೆ ನೂರಾರು ಮನೆಗಳಲ್ಲಿ ಪೂಜೆಯ ಚಿತ್ರವು ಒಲೆಯ ಬಳಿಯಲ್ಲಿ ಅಥವಾ ಊಳಿಗದವರು ಓಡಾಡುವ ಅಂಗಳದಲ್ಲಿ ಇದೆ. ಶ್ರೀಮಂತರ ಮುಂದಿನ ತೊಟ್ಟಿಯಲ್ಲಿಯೂ ತೋಟದಲ್ಲಿಯೂ ಪೂಜಾಸ್ಥಾನಗಳು ಉಂಟು. ಆದರೆ ಅಲ್ಲಿ ಹೆಚ್ಚಾಗಿ ಅಂದವಾದ ಕಂಚಿನ ವಿಗ್ರಹಗಳಿರುತ್ತಿದ್ದುವು. ಗೋಡೆಯ ಮೇಲಿನ ಒರಟು ಚಿತ್ರಗಳಿಗೆ ನೆಲೆ ಅಡಿಗೆಮನೆಯೇ.

ಒಲೆಯ ಬಳಿಯಲ್ಲಿ ದಿನವೆಲ್ಲ ಇರುತ್ತಿದ್ದವರು ಗುಲಾಮರು. ಆದುದರಿಂದ ಈ ಚಿತ್ರಗಳ ಮುಂದೆ ದಿನವೂ ನಿಂತವರಲ್ಲಿ ಬಹುಮಂದಿ ಅವರೇ ಎಂದು ಹೇಳಬೇಕಾಗಿದೆ. ಈ ವಿಷಯದಲ್ಲಿ ಒಂದು ಶಬ್ದದ ಅರ್ಥವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಇಂಗ್ಲಿಷಿನ ‘ಫ್ಯಾಮಿಲಿ’ ಎಂಬ ಮಾತಿಗೆ ಮೂಲವಾದ ಲ್ಯಾಟಿನ್ ‘ಫಮಿಲಿಯ’ ಎಂಬುದು ಸೇವಕನೆಂಬ ಅರ್ಥದ ‘ಫಮುಲುಸ್’ ಎಂಬ ಶಬ್ದದಿಂದ ಬಂದುದು. ಒಬ್ಬ ಯಜಮಾನನ ಅಧಿಕಾರಕ್ಕೆ ಒಳಪಟ್ಟ ಹೆಂಡತಿ, ಮಕ್ಕಳು, ಗುಲಾಮರು ಎಲ್ಲರೂ ಸೇರಿ ಒಂದು ಫಮಿಲಿಯ. ಮನೆಯ ಲಾರ್ ದೇವತೆಯು ಈ ಇಡೀ ಗುಂಪಿಗೆ ದೇವತೆ. ಜೀನಿಯಸ್ಸಾದರೋ ಯಜಮಾನನದೊಂದೇ.

ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಚಿತ್ರವೊಂದು ಸುಟೋರಿಯ ಪ್ರಿಮಿಜೀನಿಯ ಎಂಬಾಕೆಯ ಹೆಸರಿನಿಂದ ಕರೆಯುವ ಸಾಧಾರಣ ಮನೆಯ ಅಡಿಗೆಕೋಣೆಯಲ್ಲಿದೆ. ಪೀಠದ ಬಳಿ ಯಜಮಾನನ ಜೀನಿಯಸ್, ಜೊತೆಯಲ್ಲಿ ಒಬ್ಬ ಸ್ತ್ರೀ, ಕೊಳಲಿನವನು, ಎರಡು ತುದಿಗಳಲ್ಲಿ ಬಹು ಎತ್ತರವಾದ ಲಾರೆಸ್. ಅವರ ನಡುವೆ ಸಾಲಾಗಿ, ಒತ್ತಾಗಿ ನಿಂತಿರುವ ಹತ್ತಕ್ಕೂ ಹೆಚ್ಚು ಮಂದಿ ಮನೆಯ ಜನ. ಎಲ್ಲರ ಬಲಗೈಯೂ ಎದೆಯ ಮೇಲೆ ಒಂದೇ ರೀತಿಯಲ್ಲಿ ಇದೆ. ಮಗ್ಗುಲ ಗೋಡೆಯಲ್ಲಿ ತೂಗುಹಾಕಿದ ಮಾಂಸದ ತುಂಡುಗಳನ್ನೂ ಇತರ ಆಹಾರಪದಾರ್ಥಗಳನ್ನೂ ಬರೆದಿದೆ. ರೋಮನರ ಶ್ರೇಷ್ಠ ಸಾಹಿತ್ಯದಲ್ಲಿ ಇಂಥವರಿಗೆ ಹೆಸರಿಲ್ಲ, ಮುಖವಿಲ್ಲ. ಈ ಗೋಡೆಯ ಮೇಲೆ ಅವರು ಒಂದು ಮನೆಯ ಪೂಜೆಯಲ್ಲಿ ಭಾಗಿಗಳಾಗಿ ನಿಂತಿದ್ದಾರೆ.

ಹಾಗಾದರೆ ಈ ಪೂಜೆಯಲ್ಲಿ ಗುಲಾಮನಿಗೂ ಯಜಮಾನನಿಗೂ ಸಮಾನವಾದ ಸ್ಥಾನವಿದ್ದಿತೆಂದು ಹೇಳಬಹುದೆ? ಹೇಳಲಾಗದು. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಕೇಟೋ ಎಂಬ ಪ್ರಸಿದ್ಧ ರಾಜಕಾರಣಿಯು ಬೇಸಾಯದ ಮೇಲೆ ಒಂದು ಗ್ರಂಥವನ್ನು ಬರೆದನು. ಜಮೀನನ್ನು ನೋಡಿಕೊಳ್ಳುವ ಗುಲಾಮ ಮೇಸ್ತ್ರಿಯೂ ಅವನ ಜೊತೆಗಾತಿಯೂ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಅದರಲ್ಲಿ ವಿವರಿಸಿದ್ದಾನೆ. ಜೊತೆಗಾತಿಯು ದಿನವೂ ಮಲಗುವುದಕ್ಕೆ ಮುಂಚೆ ಒಲೆಯ ಸುತ್ತಲೂ ಗುಡಿಸಿ ಚೊಕ್ಕಟಮಾಡಬೇಕು. ತಿಂಗಳ ಗೊತ್ತಾದ ಮೂರು ದಿನಗಳಲ್ಲಿಯೂ ಹಬ್ಬಗಳಲ್ಲಿಯೂ ಒಲೆಯ ಮೇಲೆ ಹೂಮಾಲೆಯನ್ನು ಇಟ್ಟು ಲಾರ್ ದೇವತೆಯನ್ನು ಪ್ರಾರ್ಥಿಸಬೇಕು. ಆದರೆ ಯಜಮಾನನ ಅಥವಾ ಯಜಮಾನಿಯ ಅಪ್ಪಣೆಯಿಲ್ಲದೆ ಬೇರಾವ ಪೂಜೆಯನ್ನೂ ತಾನು ಮಾಡಕೂಡದು, ಮಾಡಿಸಲೂಕೂಡದು. ಇಡೀ ಮನೆಯ ಪರವಾಗಿ ದೇವರನ್ನು ಪೂಜಿಸುವವನು ಯಜಮಾನನೇ ಎಂಬುದನ್ನು ಅವಳು ತಿಳಿದಿರಬೇಕು. ಒಲೆಯನ್ನು ಶುಚಿಮಾಡುವ ಭಾಗ್ಯ ಅವಳದು. ದೇವರೊಡನೆ ಮಾತನಾಡುವ ಅಧಿಕಾರಕ್ಕೆ ಮಾತ್ರ ಮೇರೆಯನ್ನು ಮೊದಲೇ ಗೊತ್ತುಮಾಡಿದೆ.

ಪಾಂಪೆಯಿಯಲ್ಲಿಯೇ ಎಪಿಡಿಯಸ್ ರೂಫಸ್ ಎಂಬವನ ಮನೆಯ ಪೂಜಾಸ್ಥಾನದಲ್ಲಿ ಒಂದು ಶಾಸನವಿದೆ. ಡಯಾಡುಮೇನಸ್ ಎಂಬ ಒಂದೇ ಹೆಸರಿನ ಇಬ್ಬರು, ಬಿಡುಗಡೆ ಹೊಂದಿದ ಗುಲಾಮರು, ‘ನಮ್ಮ ಮಾರ್ಕಸ್’ ಎಂಬ ಯಜಮಾನನ ಜೀನಿಯಸ್ಸಿಗೂ ಲಾರೆಸ್‌ಗಳಿಗೂ ಅದನ್ನು ಅರ್ಪಿಸಿದರೆಂದು ಅದು ತಿಳಿಸುತ್ತದೆ. ‘ನಮ್ಮ’ ಎಂಬ ಆ ಮಾತಿನಲ್ಲಿ ಪ್ರೀತಿಯಿದ್ದಿತೋ, ಕೃತಜ್ಞತೆಯಿದ್ದಿತೋ, ಕಟ್ಟುಪಾಡಿತ್ತೋ ಕಲ್ಲು ಹೇಳುವುದಿಲ್ಲ. ಮೂರೂ ಇದ್ದಿರಬಹುದು. ಬಿಡುಗಡೆಯಾದ ಮೇಲೂ ಹಿಂದಿನ ಒಡೆಯನ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡು, ಅವನಿಗೆ ಸಲ್ಲಿಸಬೇಕಾದ ಸೇವೆಗಳನ್ನು ಸಲ್ಲಿಸುತ್ತ ಬಾಳುವುದು ಆ ಕಾಲದ ಕಾನೂನಾಗಿತ್ತು.

ಗುಲಾಮರಿಗೆ ಈ ದೇವತೆಗಳಿಂದ ದೊರೆತ ದೊಡ್ಡ ಹಬ್ಬವೆಂದರೆ ಚಳಿಗಾಲದಲ್ಲಿ ಬರುತ್ತಿದ್ದ ‘ಕಾಂಪಿಟೇಲಿಯ’. ಅದು ಕವಲುದಾರಿಯ ಲಾರೆಸ್‌ಗಳ ಹಬ್ಬ. ಕೇಟೋ ಕೂಡ ಗುಲಾಮ ಮೇಸ್ತ್ರಿಗೆ ಈ ಹಬ್ಬದಲ್ಲಿ ಪೂಜೆಮಾಡಲು ಅನುಮತಿ ಕೊಟ್ಟಿದ್ದಾನೆ. ಆ ದಿನಗಳಲ್ಲಿ ದೇವರಿಗೆ ಸೇವೆ ಸಲ್ಲಿಸುವವರು ಗುಲಾಮರೇ ಆಗಿರಬೇಕೆಂದೂ, ಆಗ ಅವರ ದಾಸ್ಯದ ಗುರುತುಗಳನ್ನೆಲ್ಲ ತೆಗೆದುಬಿಡುತ್ತಿದ್ದರೆಂದೂ ಡಯನೀಸಿಯಸ್ ಎಂಬ ಗ್ರೀಕ್ ಚರಿತ್ರಕಾರನು ಬರೆದಿದ್ದಾನೆ. ಆದರೆ ಈ ಹಬ್ಬದ ಮತ್ತೊಂದು ಆಚಾರವನ್ನೂ ಹೇಳಬೇಕು. ಹಿಂದಿನ ರಾತ್ರಿ ಪೂಜಾಸ್ಥಾನದಲ್ಲಿ ಮನೆಯ ಜನರ ಲೆಕ್ಕಕ್ಕೆ ಸರಿಯಾಗಿ ಉಣ್ಣೆಯಿಂದ ಮಾಡಿದ ವಸ್ತುಗಳನ್ನು ತೂಗುಹಾಕುತ್ತಿದ್ದರು. ದೇವತೆಗಳು ಅವನ್ನು ಸ್ವೀಕರಿಸಿ ಬದುಕಿರುವವರನ್ನು ಬಿಟ್ಟುಬಿಡಲಿ ಎಂಬುದು ಭಾವ. ಸ್ವತಂತ್ರರಾದ ಒಬ್ಬೊಬ್ಬರ ಹೆಸರಿನಲ್ಲಿಯೂ ಒಂದು ಬೊಂಬೆ. ಗುಲಾಮರ ಹೆಸರಿನಲ್ಲಿ ತಲೆಗೊಂದರಂತೆ ಒಂದು ಉಂಡೆ. ಎಣಿಕೆಯಲ್ಲಿ ಗುಲಾಮನನ್ನು ಬಿಟ್ಟಿಲ್ಲ. ಆದರೆ ಅವನಿಗೆ ಕೈಕಾಲು ಮುಖಗಳ ಆಕಾರವನ್ನು ಕೊಟ್ಟಿಲ್ಲ. ಮನೆದೇವರ ಮತವು ಒಟ್ಟುಗೂಡಿಸುತ್ತಿದ್ದುದನ್ನೂ ಬೇರ್ಪಡಿಸುತ್ತಿದ್ದುದನ್ನೂ ಈ ಬೊಂಬೆ ಉಂಡೆಗಳಲ್ಲಿ ಒಟ್ಟಿಗೆ ಕಾಣಬಹುದು.

ಮನೆಯಿಂದ ಅಂಗಡಿ ಕಾರ್ಖಾನೆಗಳಿಗೆ ಬಂದರೆ ಚಿತ್ರಗಳ ಧಾಟಿ ಸ್ವಲ್ಪ ಬದಲಾಗುತ್ತದೆ. ಪಾಂಪೆಯಿಯ ಮುಖ್ಯ ಬೀದಿಯೊಂದರಲ್ಲಿ ವೆಟ್ಯೂಟಿಯಸ್ ಪ್ಲಾಸಿಡಸ್ ಎಂಬವನದೆಂದು ಹೇಳುವ ಊಟದ ಅಂಗಡಿಯಿದೆ. ಮುಂದುಗಡೆ ಗಾರೆಯ ಕಟ್ಟೆ. ಅದರೊಳಗೆ ಹುದುಗಿಸಿದ ದೊಡ್ಡ ಮಣ್ಣಿನ ಹರವಿಗಳು. ಹಿಂದಿನ ಗೋಡೆಯಲ್ಲಿ, ಗಿರಾಕಿಗಳ ಕಣ್ಣಿಗೆ ನೇರವಾಗಿ ಬೀಳುವಂತೆ, ಗುಡಿಯ ಆಕಾರದ ಚಿತ್ರ. ನಡುವೆ ಜೀನಿಯಸ್, ಅವನ ಎರಡು ಪಕ್ಕಗಳಲ್ಲಿ ಲಾರೆಸ್. ತುದಿಗಳಲ್ಲಿ ವ್ಯಾಪಾರದ ದೇವತೆಯಾದ ಮರ್ಕ್ಯುರಿ ಮತ್ತು ದ್ರಾಕ್ಷಾರಸದ ದೇವತೆಯಾದ ಬ್ಯಾಕಸ್. ಕೆಳಗೆ ಎರಡು ಹಾವುಗಳು. ಮನೆಯ ದೇವರುಗಳ ಜೊತೆಗೆ ಕಸಬಿನ ದೇವರುಗಳು ಬಂದು ನಿಂತಿದ್ದಾರೆ. ದ್ರಾಕ್ಷಾರಸವನ್ನು ಮಾರಿ ಲಾಭ ಪಡೆಯಬೇಕಾದವನಿಗೆ ಈ ಇಬ್ಬರಿಗಿಂತ ಬೇಕಾದವರು ಯಾರು?

ರೊಟ್ಟಿ ಸುಡುವವರ ದೇವತೆ ಅಗ್ನಿಯ ಅಧಿದೇವತೆಯಾದ ವೆಸ್ತ. ಅವಳ ಪಕ್ಕದಲ್ಲಿ ಕತ್ತೆಯನ್ನು ಬರೆಯುತ್ತಿದ್ದರು. ಹಿಟ್ಟಿನ ಬೀಸುಕಲ್ಲನ್ನು ತಿರುಗಿಸುತ್ತಿದ್ದುದು ಕತ್ತೆಯಾದುದರಿಂದ ಅದಕ್ಕೂ ದೇವರ ಬಳಿಯಲ್ಲಿ ಸ್ಥಳ ಸಿಕ್ಕಿತು. ಜೂನ್ 9ರ ವೆಸ್ತಳ ಹಬ್ಬದಲ್ಲಿ ಕತ್ತೆಗಳಿಗೆ ಮಾಲೆ ಹಾಕಿ, ಬೀಸುಕಲ್ಲುಗಳಿಗೂ ಹೂವು ಮುಡಿಸಿ, ಆ ದಿನ ಕೆಲಸಕ್ಕೆ ಬಿಡುವು ಕೊಡುತ್ತಿದ್ದರು. ಮಿಕ್ಕ ದಿನಗಳ ಬಾಳು ಹೇಗಿತ್ತೆಂಬುದಕ್ಕೆ ಬೇರೆ ಸಾಕ್ಷ್ಯವಿದೆ. 2023ರ ಡಿಸೆಂಬರಿನಲ್ಲಿ ಪಾಂಪೆಯಿಯ ಅಧಿಕಾರಿಗಳು ಒಂದು ರೊಟ್ಟಿಯ ಕಾರ್ಖಾನೆಯನ್ನು ಅಗೆದು ತೆಗೆದ ಸಂಗತಿಯನ್ನು ಪ್ರಕಟಿಸಿದರು. ಇಕ್ಕಟ್ಟಾದ ಕೋಣೆ; ಹೊರಗಿನ ಪ್ರಪಂಚವು ಕಾಣದಂತೆ ಎತ್ತರದಲ್ಲಿ ಇಟ್ಟ, ಕಬ್ಬಿಣದ ಸರಳು ಹಾಕಿದ ಸಣ್ಣ ಕಿಟಕಿಗಳು. ಅಲ್ಲಿ ಗುಲಾಮರನ್ನೂ ಕತ್ತೆಗಳನ್ನೂ ಒಟ್ಟಿಗೆ ಕೂಡಿಹಾಕಿ ದುಡಿಸುತ್ತಿದ್ದರೆಂದು ತಜ್ಞರು ತಿಳಿದಿದ್ದಾರೆ. ಎರಡನೆಯ ಶತಮಾನದ ಕಥೆಗಾರ ಅಪುಲೀಯಸ್ ಬೀಸುವ ಮನೆಯ ಗುಲಾಮರ ಹರಕು ಬಟ್ಟೆಗಳನ್ನೂ ಬಾಸುಂಡೆ ಎದ್ದ ಬೆನ್ನುಗಳನ್ನೂ ವರ್ಣಿಸಿರುವುದು ಉತ್ಪ್ರೇಕ್ಷೆಯಲ್ಲವೆಂದು ಇದರಿಂದ ತೋರುತ್ತದೆ. ಗೋಡೆಯ ಚಿತ್ರದಲ್ಲಿ ಮಾಲೆ ತೊಟ್ಟ ಕತ್ತೆಯನ್ನು ನೋಡುವಾಗ ಈ ಕಿಟಕಿಯ ಸರಳುಗಳನ್ನೂ ನಾವು ನೆನೆಯಬೇಕು.

ಸ್ವತಂತ್ರವಾಗಿ ಕಸಬು ನಡೆಸುತ್ತಿದ್ದವರ ಚಿತ್ರಗಳಲ್ಲಿ ಬೇರೊಂದು ಭಾವವನ್ನು ಕಾಣುತ್ತೇವೆ. ಉಣ್ಣೆಯನ್ನು ಒತ್ತಿ ಬಟ್ಟೆ ಮಾಡುತ್ತಿದ್ದ ವೆರಿಕುಂಡಸ್ ಎಂಬವನ ಅಂಗಡಿಯ ಮುಂಗೋಡೆಯ ಮೇಲೆ ಪಾಂಪೆಯಿಯ ಪಟ್ಟಣದೇವತೆಯಾದ ವೀನಸ್ ನಾಲ್ಕು ಆನೆಗಳು ಎಳೆಯುವ ರಥದಲ್ಲಿ ಕಿರೀಟಧಾರಿಣಿಯಾಗಿ ನಿಂತಿದ್ದಾಳೆ. ಅವಳ ಕೆಳಗಡೆ ಕೆಲಸಗಾರರು. ಕೆಲವರು ಕುಳಿತು ಉಣ್ಣೆಯನ್ನು ಬಾಚುತ್ತಿದ್ದಾರೆ. ಕೆಲವರು ನಡುವಿನ ಒಲೆಯ ಸುತ್ತ ನಿಂತು ಅದನ್ನು ಹದಮಾಡುತ್ತಿದ್ದಾರೆ. ಬಲಗಡೆಯ ಕೊನೆಯಲ್ಲಿ ವೆರಿಕುಂಡಸನು ಸಿದ್ಧವಾದ ಬಟ್ಟೆಯನ್ನು ಬಿಡಿಸಿ ನೋಡುವವರಿಗೆ ತೋರಿಸುತ್ತಿದ್ದಾನೆ. ಬಾಗಿಲಿನ ಮತ್ತೊಂದು ಪಕ್ಕದಲ್ಲಿ ಹಣದ ಚೀಲ ಹಿಡಿದ ಮರ್ಕ್ಯುರಿ ತನ್ನ ಗುಡಿಯಿಂದ ಹೊರಗೆ ಬರುತ್ತಿದ್ದಾನೆ. ಅವನ ಕೆಳಗೆ ಒಬ್ಬ ಹೆಂಗಸು ಅಂಗಡಿಯಲ್ಲಿ ಕುಳಿತು ಸರಕನ್ನು ಮಾರುತ್ತಿದ್ದಾಳೆ. ಮೇಲೆ ದೇವರು, ಕೆಳಗೆ ದುಡಿಮೆ. ಇದು ಪೂಜೆಯೂ ಹೌದು, ಅಂಗಡಿಯ ಜಾಹಿರಾತೂ ಹೌದು. ಎರಡನ್ನೂ ಬೇರ್ಪಡಿಸಬೇಕೆಂದು ಅವರಿಗೆ ತೋರಲಿಲ್ಲ.

ಮತ್ತೊಂದು ಅಂಗಡಿಯ ಗೋಡೆಯಿಂದ ಬಿಡಿಸಿ ತೆಗೆದ ಚಿತ್ರವು ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿದೆ. ಅದು ಬಡಗಿಗಳ ಮೆರವಣಿಗೆಯ ಚಿತ್ರ. ಮೇಲುಗಟ್ಟುಳ್ಳ ಒಂದು ಅಡ್ಡೆಯನ್ನು ಹೊರುವವರು ಹೆಗಲ ಮೇಲೆ ಹೊತ್ತಿದ್ದಾರೆ. ಅದರ ಮೇಲೆ ಮಿನರ್ವ ದೇವಿಯ ಮೂರ್ತಿ. ಈಗ ಅದರ ಬಹುಭಾಗ ಅಳಿಸಿಹೋಗಿದೆ. ನಡುವೆ ಮರವನ್ನು ಕೊಯ್ಯುವ, ಹತ್ತರಿ ಹಿಡಿಯುವ ಬಡಗಿಗಳ ಬೊಂಬೆಗಳು. ಮುಂಭಾಗದಲ್ಲಿ ಶಿಲ್ಪಿಗಳ ಮೂಲಪುರುಷನಾದ ಡೆಡಲಸ್. ಅವನ ಕಾಲ ಬಳಿಯಲ್ಲಿ ಬಿದ್ದಿರುವ ಒಂದು ದೇಹ. ಅದು ಅವನ ಸೋದರಳಿಯ ಪರ್ಡಿಕ್ಸನದೆಂದು ಹೇಳುತ್ತಾರೆ. ಗರಗಸವನ್ನು ಕಂಡುಹಿಡಿದ ಆ ಹುಡುಗನ ಜಾಣತನಕ್ಕೆ ಹೊಟ್ಟೆಕಿಚ್ಚುಪಟ್ಟು ಡೆಡಲಸನು ಅವನನ್ನು ಕೊಂದನೆಂದು ಪುರಾಣ. ತಮ್ಮ ಕುಶಲವಿದ್ಯೆಯ ಹಿರಿಮೆಯನ್ನೂ ಅದರೊಳಗಿನ ಪಾಪವನ್ನೂ ಒಂದೇ ಅಡ್ಡೆಯ ಮೇಲೆ ಹೊತ್ತು ಈ ಬಡಗಿಗಳು ಬೀದಿಯಲ್ಲಿ ನಡೆದರು.

ಈ ಚಿತ್ರಗಳ ಬೆಲೆಯನ್ನು ಅರಿಯಬೇಕಾದರೆ ಇವುಗಳ ಪಕ್ಕದಲ್ಲಿ ಸಿಸಿರೋವಿನ ಅಭಿಪ್ರಾಯವನ್ನು ಇಟ್ಟು ನೋಡಬೇಕು. ಆ ಮಹಾವಾಗ್ಮಿಯು ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಕೈಕೆಲಸದವರೆಲ್ಲರೂ ಹೀನವಾದ ಕಸಬಿನಲ್ಲಿ ತೊಡಗಿದವರೆಂದೂ, ಕಾರ್ಖಾನೆಯಲ್ಲಿ ಸ್ವತಂತ್ರ ಮನುಷ್ಯನಿಗೆ ತಕ್ಕುದಾದುದು ಏನೂ ಇರಲಾರದೆಂದೂ ಹೇಳಿದ್ದಾನೆ. ನಾವು ಕಾಲೇಜುಗಳಲ್ಲಿ ಓದುವುದು ಸಿಸಿರೋವನ್ನು. ವೆರಿಕುಂಡಸನೂ ಬಡಗಿಗಳೂ ಸಿಸಿರೋವಿಗೆ ಪುಸ್ತಕದಲ್ಲಿ ಉತ್ತರ ಬರೆಯಲಿಲ್ಲ. ಬೀದಿಗೆ ಕಾಣುವ ಗೋಡೆಯ ಮೇಲೆ, ದೇವಿಯ ಪಾದದ ಕೆಳಗೆ, ತಮ್ಮ ಕೆಲಸವನ್ನು ಬರೆಸಿದರು. ದೇವರು ನೋಡುವುದಕ್ಕೆ ಯೋಗ್ಯವಾದ ಕೆಲಸ ಇದು ಎಂಬ ವಿಶ್ವಾಸ ಆ ಚಿತ್ರಗಳಲ್ಲಿ ಎದ್ದುಕಾಣುತ್ತದೆ.

ಇಂಥ ಭಕ್ತಿಯ ಬಲವನ್ನು ರಾಜ್ಯ ಆಳುವವರು ಅರಿಯದೆ ಇರಲಿಲ್ಲ. ರೋಮ್ ನಗರದ ಕವಲುದಾರಿಗಳಲ್ಲಿ ಲಾರೆಸ್‌ಗಳ ಪೂಜೆಗೆಂದು ಸೇರುತ್ತಿದ್ದ ಸಂಘಗಳು ರಾಜಕೀಯದ ಗಲಭೆಗಳಿಗೆ ಕಾರಣವಾಗುತ್ತವೆಂದು ಕ್ರಿ.ಪೂ. 64ರಲ್ಲಿ ಸೆನೆಟ್ ಸಭೆಯು ಅವನ್ನು ನಿಷೇಧಿಸಿತು. 58ರಲ್ಲಿ ಕ್ಲೋಡಿಯಸ್ ಎಂಬ ಜನನಾಯಕನು ಅವುಗಳಿಗೆ ಮತ್ತೆ ಜೀವ ಕೊಟ್ಟನು. ಚಕ್ರವರ್ತಿ ಅಗಸ್ಟಸನು ಇವರಿಗಿಂತ ಜಾಣ. ಕ್ರಿ.ಪೂ. 7ರಲ್ಲಿ ನಗರವನ್ನು 14 ಭಾಗಗಳಾಗಿ ವಿಂಗಡಿಸಿ, ಕೇರಿಕೇರಿಯ ಪೂಜೆಯನ್ನೂ ಕ್ರಮಕ್ಕೆ ತಂದನು. ಕವಲುದಾರಿಯ ಲಾರೆಸ್ ಇನ್ನು ಮೇಲೆ ಅಗಸ್ಟಸನ ಲಾರೆಸ್ ಆದರು. ಅವರೊಡನೆ ಅವನ ಜೀನಿಯಸ್ಸಿಗೂ ಪೂಜೆ ಸಲ್ಲತೊಡಗಿತು. ಕೇರಿಯ ಪೂಜೆಯನ್ನು ನಡೆಸುವ ಅಧಿಕಾರಿಗಳು ಬಹುಮಟ್ಟಿಗೆ ಬಿಡುಗಡೆ ಹೊಂದಿದ ಗುಲಾಮರು. ಅವರಿಗೆ ನೆರವಾಗುವವರು ಗುಲಾಮರು. ಬೇರೆಲ್ಲಿಯೂ ಮರ್ಯಾದೆ ದೊರೆಯದವರಿಗೆ ಅಲ್ಲಿ ಕೆಲವು ದಿನಗಳಲ್ಲಿ ಅಧಿಕಾರದ ಉಡುಪು ದೊರೆಯುತ್ತಿದ್ದಿತು. ಮನೆಯೊಳಗೆ ಗುಲಾಮನಿಗೂ ಯಜಮಾನನಿಗೂ ಇದ್ದ ಸಂಬಂಧವನ್ನೇ ಅಗಸ್ಟಸನು ಪ್ರಜೆಗಳಿಗೂ ತನಗೂ ಏರ್ಪಡಿಸಿದನು. ಇಡೀ ನಗರ ಒಂದು ಫಮಿಲಿಯ ಆಯಿತು, ಅವನು ಅದರ ಯಜಮಾನನಾದನು.

ಈ ಪೂಜೆಗೆ ಬಹಳ ಕಾಲ ಅಳಿವಿರಲಿಲ್ಲ. ಸಾಮ್ರಾಜ್ಯವು ಕ್ರೈಸ್ತಮತವನ್ನು ಒಪ್ಪಿಕೊಂಡು, ದೊಡ್ಡ ದೇವಾಲಯಗಳ ಬಲಿಗಳು ನಿಂತ ಮೇಲೆಯೂ ಒಲೆಯ ಬಳಿಯ ಧೂಪ ನಿಲ್ಲಲಿಲ್ಲ. ಅದಕ್ಕೆ ಸಾಕ್ಷಿ 392ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಹೊರಡಿಸಿದ ಶಾಸನ. ಯಾವ ಅಂತಸ್ತಿನವನೇ ಆಗಲಿ, ತನ್ನ ಮನೆಯ ಗುಟ್ಟಿನಲ್ಲಿಯೂ ಕೂಡ, ಲಾರ್ ದೇವತೆಯನ್ನು ಅಗ್ನಿಯಿಂದ, ಜೀನಿಯಸ್ಸನ್ನು ದ್ರಾಕ್ಷಾರಸದಿಂದ, ಪೆನಾಟೆಸ್‌ಗಳನ್ನು ಧೂಪದಿಂದ ಪೂಜಿಸಕೂಡದು. ದೀಪ ಹಚ್ಚಕೂಡದು, ಮಾಲೆ ಕಟ್ಟಕೂಡದು ಎಂದು ಅದು ವಿಧಿಸುತ್ತದೆ. ಯಾರೂ ಮಾಡದ ಕೆಲಸವನ್ನು ಹೆಸರು ಹಿಡಿದು ನಿಷೇಧಿಸುವ ಅಗತ್ಯವಿರುವುದಿಲ್ಲ. ಪಾಂಪೆಯಿ ಮುಳುಗಿ ಮುನ್ನೂರು ವರ್ಷಗಳು ಕಳೆದಿದ್ದರೂ ಅಡಿಗೆಮನೆಗಳಲ್ಲಿ ಅದೇ ದೇವರುಗಳು, ಅದೇ ಬಟ್ಟಲು, ಅದೇ ಮಾಲೆ ಇದ್ದುವೆಂದು ಶತ್ರುವಿನ ಬಾಯಿಂದಲೇ ನಮಗೆ ತಿಳಿಯುತ್ತದೆ.

ಕಲೆಯ ದೃಷ್ಟಿಯಿಂದ ಈ ಚಿತ್ರಗಳಲ್ಲಿ ಬಹುಪಾಲು ಸಾಧಾರಣವಾದುವು. ಕೈಕಾಲುಗಳ ಅಳತೆ ಸರಿಯಿಲ್ಲ. ಬಣ್ಣಗಳು ನಾಲ್ಕೈದು ಮಾತ್ರ. ಮುಖಗಳು ಒಂದರಂತೆ ಒಂದು. ಆದರೆ ಗ್ರಂಥಗಳನ್ನು ಬರೆದ ಕೆಲವೇ ಮಂದಿಯ ರೋಮಿನ ಪಕ್ಕದಲ್ಲಿ, ಗ್ರಂಥವನ್ನು ಬರೆಯಲಾರದ ಬಹುಮಂದಿಯ ರೋಮನ್ನು ಇವು ನಿಲ್ಲಿಸುತ್ತವೆ. ಒಡೆಯನ ಜೀನಿಯಸ್ಸಿನ ಮುಂದೆ ಎದೆಯ ಮೇಲೆ ಕೈಯಿಟ್ಟು ನಿಂತ ಗುಲಾಮನು ಏನನ್ನು ಬೇಡಿಕೊಂಡನೆಂದು ಯಾವ ಚಿತ್ರವೂ ಹೇಳಲಾರದು. ಒಡೆಯನ ಕ್ಷೇಮವನ್ನು ಬೇಡಿದನೋ, ತನ್ನ ಬಿಡುಗಡೆಯನ್ನು ಬೇಡಿದನೋ ಅವನಿಗೂ ಆ ಕುಣಿಯುವ ತರುಣರಿಗೂ ಮಾತ್ರ ತಿಳಿದ ವಿಷಯ. ಅವನು ಅಲ್ಲಿ ನಿಂತಿದ್ದನು, ಅವನನ್ನೂ ಒಬ್ಬನೆಂದು ಲೆಕ್ಕಕ್ಕೆ ಹಿಡಿದು ಯಾರೋ ಚಿತ್ರದಲ್ಲಿ ಬರೆದರು ಎಂಬಷ್ಟು ಮಾತ್ರ ನಿಶ್ಚಯ. ಪ್ರಾಚೀನರ ಚರಿತ್ರೆಯನ್ನು ಓದುವವರಿಗೆ ಅಷ್ಟೇ ಒಂದು ದೊಡ್ಡ ಲಾಭವೆಂದು ನನ್ನ ಭಾವನೆ.